ಒರೆಸಬಾರದ ನಾಲ್ಕನೆಯ ಗುರುತು

"ದಿನಕ್ಕೆ ಎಷ್ಟು ಗಂಟೆ ಅಂತ ಸೂರ್ಯನಿಗೇ ಗೊತ್ತಿರದಿದ್ದ ಕಾಲ ಅದು," ಎಂದು ಅಜ್ಜಿ ಬಟಾಣಿ ಬಿಡಿಸುತ್ತಾ ಶುರುಮಾಡಿದಳು. "ಆಗ ಒಬ್ಬಳು ರಾಣಿ ಇದ್ದಳಂತೆ. ಅವಳ ಹತ್ತಿರ ಒಂದು ಕನ್ನಡಿ. ಕನ್ನಡಿ ತುಂಬ ಗೀರು. ರಾಣಿಗೆ ಸಿಟ್ಟು ಬಂತು, ಒಪ್ಪ ಹಾಕೋನನ್ನ ಕರೆಸಿದ್ಲು. ಅವನು ಮೂರು ಹಗಲು ಉಜ್ಜಿದ. ಕನ್ನಡಿ ಥಳಥಳ ಅಂತು. ರಾಣಿ ಓಡಿ ಬಂದು ನೋಡ್ಕೊಂಡ್ರೆ ಅದರೊಳಗೆ ಯಾರೂ ಇಲ್ಲ!"

"ಯಾರೂ ಇಲ್ಲ ಅಂದ್ರೆ?"

"ಕನ್ನಡಿ ಅವಳನ್ನ ಮರೆತೇ ಹೋಗಿತ್ತು ಕಣೇ. ಅವನು ಗೀರಿನ ಜೊತೆ ನೆನಪನ್ನೂ ಉಜ್ಜಿಬಿಟ್ಟಿದ್ದ."

"ಆಮೇಲೆ?"

"ಆಮೇಲೆ ಬಟಾಣಿ ಮುಗೀತು, ಕಥೆನೂ ಮುಗೀತು."

ಗಡಿಯಾರ ರಿಪೇರಿಯ ಆ ಪುಟ್ಟ ಅಂಗಡಿಯಲ್ಲಿ ಕಥೆ ಕೇಳುತ್ತಿದ್ದವಳು ಮೊಮ್ಮಗಳೊಬ್ಬಳೇ ಅಲ್ಲ. ಕೌಂಟರಿನ ಆಚೆ ಅಣ್ಣ ತಂಗಿ ಇಬ್ಬರು ಜಗಳವನ್ನು ಅರ್ಧಕ್ಕೇ ಬಿಟ್ಟು ಬಾಯಿ ತೆರೆದುಕೊಂಡು ನಿಂತಿದ್ದರು. ಕಥೆ ಮುಗಿದದ್ದೇ ತಡ, ಜಗಳಕ್ಕೆ ಮತ್ತೆ ಜೀವ ಬಂತು.

"ಕೇಳಿದ್ಯಾ? ಇದನ್ನೇ ನಾನು ಬೆಳಿಗ್ಗೆಯಿಂದ ಬಡ್ಕೊಳ್ತಿರೋದು!" ತಂಗಿ ಕೌಂಟರಿನ ಮೇಲೆ ಬೆರಳು ಕುಟ್ಟಿದಳು. ಅವಳು ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಬಜಾರಿಗೆಲ್ಲ ಲೈಬ್ರರಿ ಅಕ್ಕ. "ಅಪ್ಪನ ವಾಚಿಗೆ ಪಾಲಿಶ್ ಬೇಡ. ಒಂದು ಗೀರನ್ನೂ ಮುಟ್ಟಬಾರದು."

"ಕಥೆ ಕೇಳ್ಕೊಂಡು ವಾಚ್ ರಿಪೇರಿ ಮಾಡಿಸ್ತಾರೇನೇ?" ಎಂದ ಅಣ್ಣ. ಎದುರು ಸಾಲಿನ ಡ್ರೈಕ್ಲೀನಿಂಗ್ ಅಂಗಡಿ ಅವನದು. ಅಂಗಿಯ ಇಸ್ತ್ರಿ ಎಷ್ಟು ಖಡಕ್ಕಾಗಿತ್ತೆಂದರೆ ಅವನು ಬಗ್ಗಿದರೆ ಸದ್ದು ಬರುತ್ತಿತ್ತು. "ಒಳಗೂ ಹೊರಗೂ ಫಳಫಳ ಅನ್ನಬೇಕು. ಅಪ್ಪ ಮೊದಲನೇ ದಿನ ಕಟ್ಕೊಂಡಾಗ ಹೇಗಿತ್ತೋ ಹಾಗೆ."

"ಕಲೆ ಕಂಡ್ರೆ ನಿನಗೆ ಮೈ ಉರಿಯುತ್ತೆ. ಮಚ್ಚೆ ಇರೋ ಮಗು ಕೈಗೆ ಕೊಟ್ರೂ ಉಜ್ಜಿ ತೆಗೀತೀಯ ನೀನು."

"ನಿನಗೆ ಧೂಳೇ ಪ್ರಾಣ. ಮನೆ ಗುಡಿಸೋಕೆ ಮುಂಚೆ ಕಸಕ್ಕೆ ನಂಬರ್ ಹಾಕಿ ಪಟ್ಟಿ ಮಾಡ್ತೀಯ."

ಅವರಿಬ್ಬರ ನಡುವೆ, ಹಸಿರು ಬಟ್ಟೆಯ ಮೇಲೆ, ಆ ಚಿನ್ನದ ಕೈಗಡಿಯಾರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಮಲಗಿತ್ತು. ರಿಪೇರಿಗೆ ಬಂದಿದ್ದಾಗ ಇದೇ ಅಂಗಡಿಯ ಡ್ರಾಯರಿನಿಂದ ಕಾಣೆಯಾಗಿ, ಹತ್ತನೆಯ ದಿನ ಅಣ್ಣನ ಅಂಗಡಿಗೆ ಡ್ರೈಕ್ಲೀನಿಂಗಿಗೆ ಬಂದ ಯಾರದೋ ಕಂದು ಕೋಟಿನ ಜೇಬಿನಲ್ಲಿ ಸಿಕ್ಕ ಗಡಿಯಾರ ಅದು. ಕೋಟನ್ನು ಕೇಳಿಕೊಂಡು ಇಲ್ಲಿಯವರೆಗೆ ಯಾರೂ ಬಂದಿರಲಿಲ್ಲ.

ಅಂಗಡಿಯ ಒಡತಿಯಾದ ಆ ಮೊಮ್ಮಗಳನ್ನು ಬಜಾರಿನವರು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಬಲಗಣ್ಣಿಗೆ ಸದಾ ಅಂಟಿಕೊಂಡಿರುವ ಮಸೂರದಿಂದ ಬಂದ ಹೆಸರು. ಎಡಗಣ್ಣಿನಲ್ಲಿ ಅವಳು ಹೆಚ್ಚಾಗಿ ಕನಸು ಕಾಣುತ್ತಿದ್ದಳು. ಡ್ರಾಯರಿಗೆ ಬೀಗ ಹಾಕಿ ಬೀಗದ ಕೈಯನ್ನು ಅದರಲ್ಲೇ ಬಿಡುವುದು ಆ ಎಡಗಣ್ಣಿನ ಕೆಲಸ. ಅದರ ಫಲವನ್ನು ಈಗ ಎರಡೂ ಕಣ್ಣು ಅನುಭವಿಸುತ್ತಿದ್ದವು. ಕಳೆದ ವಾರದಲ್ಲಿ ಮೂರು ಜನ ಗಿರಾಕಿಗಳು ರಿಪೇರಿಯಾಗದ ಗಡಿಯಾರಗಳನ್ನೇ ವಾಪಸ್ಸು ಒಯ್ದಿದ್ದರು. "ಅಲ್ಲಿ ಚಿನ್ನಕ್ಕೆ ಕಾಲು ಬರುತ್ತಂತೆ" ಎಂದು ಹೂವಿನಂಗಡಿಯವಳು ನಗುವುದು ಇಲ್ಲಿಗೇ ಕೇಳಿಸಿತ್ತು.

"ಇನ್ನೊಂದು ಮಾತು," ಲೈಬ್ರರಿ ಅಕ್ಕ ಭೂತಗನ್ನಡಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡ. ಸಿಕ್ಕಿರೋದು ಅಪ್ಪಂದೇ ವಾಚು ಅಂತ ಏನು ಗ್ಯಾರಂಟಿ? ಹತ್ತು ದಿನದಲ್ಲಿ ಯಾರು ಬೇಕಾದ್ರೂ ಬದಲಾಯಿಸಿರಬಹುದು."

ಯಾರು ಬೇಕಾದರೂ ಎನ್ನುವಾಗ ಅವಳ ಕಣ್ಣು ಎಲ್ಲಿತ್ತೆಂದು ಅಜ್ಜಿಗೂ ಗೊತ್ತಾಯಿತು. ಬಟಾಣಿ ಸಿಪ್ಪೆಯ ಬುಟ್ಟಿ ಟಪ್ಪೆಂದು ನೆಲಕ್ಕೆ ಬಂತು.

"ಅಪ್ಪನಿಗೆ ಕಂಡಿದ್ದಕ್ಕೆಲ್ಲ ಕ್ಯಾಮೆರಾ ಹಿಡಿಯೋ ಚಟ. ಒಂದ್ಸಲ ವಾಚಿನ ಬೆನ್ನು ಬಿಚ್ಚಿಸಿ ಒಳಗಡೇನೂ ತೆಗೆದಿದ್ರು." ಲೈಬ್ರರಿ ಅಕ್ಕ ಚೀಲದಿಂದ ಒಂದು ಹಳೆಯ ಕಪ್ಪುಬಿಳುಪು ಫೋಟೋ ತೆಗೆದಿಟ್ಟಳು. "ನೀನೂ ಬಿಚ್ಚು. ಸಂಜೆ ಐದಕ್ಕೆ ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಅಮ್ಮನ ಮುಂದೆ ಇಡು. ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ."

"ನೋಡೋಣ," ಎಂದ ಅಣ್ಣ. "ಹೊಸದು ಮಾಡ್ಬೇಕೋ ಹೀಗೇ ಬಿಡ್ಬೇಕೋ ಅಂತಾನೂ ಅಲ್ಲೇ ಹೇಳಿಬಿಡು. ನೀನು ಏನಂದ್ರೂ ಒಪ್ಕೋಬೇಕು ಅಂತ ಅಮ್ಮ ಆಣೆ ಹಾಕಿಸಿದಾರೆ. ಆದ್ರೆ ಐದು ಗಂಟೆಗೆ ವಾಚು ಓಡ್ತಿರಬೇಕು."

"ಓಡುತ್ತೆ," ಎಂದಳು ಭೂತಗನ್ನಡಿ. "ಮಾತು ಕೊಟ್ಟೆ."

ಬಾಗಿಲಿನಲ್ಲಿ ಮೊದಲು ಯಾರು ದಾಟಬೇಕೆಂದು ಇನ್ನೊಂದು ಸಣ್ಣ ಜಗಳ ಮುಗಿಸಿಕೊಂಡು ಇಬ್ಬರೂ ಹೋದರು.

ಅವಳು ಮಸೂರ ಏರಿಸಿದಳು.

ಹಳೆಯ ಗಡಿಯಾರದ ಮೈಯನ್ನು ಓದುವುದೆಂದರೆ ಅವಳಿಗೆ ಕಥೆ ಕೇಳಿದಷ್ಟೇ ಖುಷಿ. ಕೆಳಗಿನ ಅಂಚು ಒಂದೇ ಕಡೆ ಸವೆದು ನುಣುಪಾಗಿತ್ತು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ದಿನವೂ ಮಣಿಕಟ್ಟು ಊರಿದ ಜಾಗ ಅದು. ಡಯಲ್ಲಿನ ಬಿಳುಪು ಹಳದಿಗೆ ತಿರುಗಿ, ಮೂರರ ಹತ್ತಿರ ಚಹಾದ ಬಣ್ಣ ತಾಳಿತ್ತು. ಗಾಜಿನ ಮೇಲೆ ಕೂದಲೆಳೆಯಂಥ ನೂರಾರು ಗೀರು. ಇದನ್ನೆಲ್ಲ ಪಾಲಿಶ್ ಚಕ್ರಕ್ಕೆ ಹಿಡಿದರೆ ಹತ್ತು ನಿಮಿಷದಲ್ಲಿ ಹೊಚ್ಚಹೊಸದು. ಆದರೆ ಯಾರದ್ದು ಎಂದು ಕೇಳಿದರೆ ಹೇಳಲು ಆಮೇಲೆ ಅದಕ್ಕೆ ಬಾಯಿ ಇರುವುದಿಲ್ಲ.

ಚೂರಿಯ ತುದಿಯಿಂದ ಬೆನ್ನಿನ ಮುಚ್ಚಳವನ್ನು ಎಬ್ಬಿದಳು. ಮುಚ್ಚಳ ಚಿಟ್ಟೆಂದು ಬಿಚ್ಚಿಕೊಂಡಿತು.

ರಿಪೇರಿಯವರಲ್ಲಿ ಹಿಂದಿನಿಂದಲೂ ಒಂದು ಪದ್ಧತಿ. ಗಡಿಯಾರ ಬಿಚ್ಚಿ ಕೆಲಸ ಮುಗಿಸಿದವರು ಮುಚ್ಚಳದ ಒಳಮೈಯಲ್ಲಿ, ಒಂದು ಮೂಲೆಯಲ್ಲಿ, ಸೂಜಿಯಿಂದ ತಮ್ಮ ಗುರುತನ್ನೂ ತಾರೀಖನ್ನೂ ಗೀಚಿ ಮುಚ್ಚುತ್ತಾರೆ. ಕಟ್ಟಿಕೊಂಡವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಮುಂದೆ ಎಂದೋ ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗೆ ಬರೆದಿಟ್ಟ ಕಾಗದದಂತೆ ಅದು.

ಫೋಟೋದಲ್ಲಿ ಮೂರು ಗುರುತುಗಳಿದ್ದವು. ಮೂರೂ ಒಂದೇ ಎಳೆತಕ್ಕೆ ಬಿಡಿಸಿದ ಪುಟ್ಟ ಮೀನು. ಮುಚ್ಚಳದಲ್ಲೂ ಅವೇ ಮೂರು ಮೀನು, ಅವೇ ತಾರೀಖು, ಎರಡನೆಯದರ ಬಾಲ ಸ್ವಲ್ಪ ಉದ್ದ. ಬದಲಾಗಿಲ್ಲ! ಇದು ಅದೇ ಗಡಿಯಾರ! ಭೂತಗನ್ನಡಿ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು.

ತಿರುಗಿ ಮತ್ತೆ ನೋಡಿದಾಗ, ಮುಚ್ಚಳದ ಕೆಳ ಅಂಚಿನಲ್ಲಿ, ನಾಲ್ಕನೆಯ ಮೀನು ಕಂಡಿತು.

ಅದು ಫೋಟೋದಲ್ಲಿರಲಿಲ್ಲ. ಗೀರು ಇನ್ನೂ ಹೊಸದಾಗಿ ಮಿನುಗುತ್ತಿತ್ತು. ಎಳೆತ ನೆಟ್ಟಗಿರಲಿಲ್ಲ, ಚಳಿಗೆ ಮೈ ನಡುಗಿಸುವ ಮೀನಿನ ಹಾಗೆ ಉದ್ದಕ್ಕೂ ಅಂಕುಡೊಂಕು. ಪಕ್ಕದಲ್ಲಿ ತಾರೀಖು. ಇದೇ ತಿಂಗಳು. ಗಡಿಯಾರ ಕಾಣೆಯಾದ ಐದನೆಯ ದಿನ.

ಆ ಮೀನು ಯಾರದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳ ಕೈಗೆ ಮೊದಲ ಸಲ ಚಿಮುಟ ಕೊಟ್ಟವರು, ಉಸಿರು ಬಿಗಿಹಿಡಿದು ಸ್ಕ್ರೂ ಎತ್ತುವುದನ್ನು ಕಲಿಸಿದವರು, ಎರಡು ವರ್ಷದ ಹಿಂದೆ ಕೈನಡುಕ ಬಂದು ಕೆಲಸ ಬಿಟ್ಟವರು. ಅವಳ ಮೇಷ್ಟ್ರು.

ಪಾಲಿಶ್ ಚಕ್ರ ಕೈಯಳತೆಯಲ್ಲೇ ಇತ್ತು. ಒಳಮೈ ಉಜ್ಜಲು ಎರಡು ನಿಮಿಷ ಸಾಕು, ಅದನ್ನೇ ತಾನೆ ಆ ಅಣ್ಣನೂ ಕೇಳಿದ್ದು? ನಾಲ್ಕನೆಯ ಮೀನು ಮಾಯವಾಗುತ್ತದೆ. ಆದರೆ ಒಂದನ್ನು ಮಾತ್ರ ಉಜ್ಜುವ ಚಕ್ರ ಇನ್ನೂ ಹುಟ್ಟಿಲ್ಲ. ಮಿಕ್ಕ ಮೂರೂ ಅದರ ಜೊತೆಗೆ ಹೋಗುತ್ತವೆ, ಇದು ಅದೇ ಗಡಿಯಾರ ಎಂಬ ಸಾಕ್ಷಿಯೂ ಹೋಗುತ್ತದೆ.

ಗುರುತು ಉಳಿದರೆ ಮೇಷ್ಟ್ರು ಕಳ್ಳ. ಗುರುತು ಅಳಿದರೆ ತಾನು ಕಳ್ಳಿ.

"ಏನೇ, ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯ್ತು?" ಎಂದಳು ಅಜ್ಜಿ.

"ಅಂಗಡಿ ನೋಡ್ಕೊಂಡಿರು ಅಜ್ಜಿ. ಮೇಷ್ಟ್ರ ಮನೆಗೆ ಹೋಗ್ಬರ್ತೀನಿ."

"ಯಾರಾದ್ರೂ ಗಡಿಯಾರ ತಂದ್ರೆ?"

"ಕಥೆ ಹೇಳಿ ಕೂರಿಸ್ಕೋ."

"ಕಥೆಗೆ ಬಟಾಣಿ ಸಾಲಲ್ಲ, ಬರ್ತಾ ತಗೊಂಡು ಬಾ."

ಮೇಷ್ಟ್ರ ಮನೆ ಮೂರನೆಯ ಮಹಡಿಯಲ್ಲಿ. ಆ ಮನೆಯಲ್ಲಿ ಒಂದೇ ಒಂದು ಗಡಿಯಾರವಿರಲಿಲ್ಲ. ನಲವತ್ತು ವರ್ಷ ಅವುಗಳ ಮಾತು ಕೇಳಿದ್ದು ಸಾಕು ಎನ್ನುವುದು ಅವರ ವಾದ. ಗಡಿಯಾರ ಕಳೆದ ನಾಚಿಕೆಗೆ ಅವಳು ಅಷ್ಟು ದಿನವೂ ಆ ಮೆಟ್ಟಿಲು ಹತ್ತಿರಲಿಲ್ಲ. ಈಗ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು.

ಮೇಷ್ಟ್ರು ಕಿಟಕಿಯ ಬಳಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ನಡುಗುವ ಕೈಗೆ ಆ ಕೆಲಸ ಹೇಳಿಮಾಡಿಸಿದಂತಿತ್ತು, ನೀರು ಎಲ್ಲ ಎಲೆಗೂ ಸಮನಾಗಿ ಬೀಳುತ್ತಿತ್ತು.

"ಬಾ ಮರಿ, ಬಾ. ದಾರಿ ಮರೆತೆಯೇನೋ ಅಂದ್ಕೊಂಡಿದ್ದೆ."

ಅವಳು ಮುಚ್ಚಳವನ್ನು ಅಂಗೈಯಲ್ಲಿಟ್ಟು ಚಾಚಿದಳು. ಮಸೂರವನ್ನೂ ಕೊಟ್ಟಳು.

"ಮೇಷ್ಟ್ರೇ, ಈ ಮೀನಿಗೆ ಯಾಕೆ ಚಳಿ?"

ಅವರು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ನಕ್ಕರು ನೋಡಿ, ಭುಜ ಕುಲುಕಿ, ನೀರಿನ ಚೆಂಬು ಕುಲುಕಿ, ಅರ್ಧ ನೀರು ಅವಳ ಕಾಲ ಮೇಲೇ ಬಿತ್ತು.

"ಅಯ್ಯೋ ಹಾಳು ಕೈಯೇ! ನಾಲ್ಕು ದಿನ ಬಾಗಿಲು ಹಾಕ್ಕೊಂಡು ಗುಟ್ಟಾಗಿ ಕೆಲಸ ಮಾಡಿದ್ದೇನು, ಕೊನೆಗೆ ಗುರುತು ಗೀಚಿ ತಾರೀಖು ಹಾಕಿ ಕೂತಿದ್ದೇನು! ಮುಚ್ಚಳ ಮುಚ್ಚೋ ಹೊತ್ತಿಗೆ ಸೂಜಿ ತಾನಾಗೇ ಬೆರಳಿಗೆ ಬಂದುಬಿಡುತ್ತೆ ಕಣೇ. ನನಗೆ ನೆನಪೂ ಇಲ್ಲ."

"ನಗ್ತೀರಾ? ನನ್ನ ಡ್ರಾಯರಿಂದ ಕಳುವಾಗಿದ್ದು ಇದು. ಬಜಾರಲ್ಲಿ ನನ್ನನ್ನ ನೋಡಿ ನಗ್ತಿದಾರೆ. ಗಿರಾಕಿಗಳು ವಾಚು ವಾಪಸ್ ಒಯ್ತಿದಾರೆ."

ನಗು ನಿಂತಿತು. ಮೇಷ್ಟ್ರು ಮೆಲ್ಲಗೆ ಕುರ್ಚಿಗೆ ಕೂತರು.

"ಕಳುವಾ? ಯಾವ ಕಳವು? ತಂದೋರು ನಿನ್ನ ಅಂಗಡಿಯಿಂದ ಕೇಳಿ ತಂದಿದೀನಿ ಅಂದ್ರು. ನನ್ನ ಹತ್ರ ಕೊಟ್ಟಿದ್ದು ನಿನಗೆ ಮಾತ್ರ ಹೇಳಬೇಡಿ ಅಂದ್ರು. ನಿನಗೆ ಕೊಟ್ಟ ಕೆಲಸ ಮುದುಕನ ಹತ್ರ ಬಂತು ಅಂತ ನೀನು ನೊಂದ್ಕೊಳ್ತೀಯ ಅಂತ ನಾನೂ ಸುಮ್ನಾದೆ."

"ಮತ್ತೆ ಕೋಟಿನ ಜೇಬಿಗೆ ಹೇಗೆ ಹೋಯ್ತು?"

"ಕೆಲಸ ಆದ ಮೇಲೆ ಎರಡು ದಿನ ಮೈಮೇಲಿಟ್ಕೊಂಡು ಓಡುತ್ತಾ ಅಂತ ನೋಡಲ್ವಾ ನಾವು? ಹಾಗೆ ಜೇಬಲ್ಲಿಟ್ಕೊಂಡೆ. ಬಟ್ಟೆ ಒಯ್ಯೋ ಗಾಡಿ ಬಂತು, ಕೋಟು ಕೊಟ್ಟೆ. ಗಾಡಿ ತಿರುವು ದಾಟಿದ ಮೇಲೆ ನೆನಪಾಯ್ತು!" ಅವರು ಹಣೆ ಚಚ್ಚಿಕೊಂಡರು. "ತಂದೋರಿಗೆ ಹೇಳಿದೆ. ಬೈತಾರೆ ಅಂದ್ಕೊಂಡ್ರೆ, ಯಾರ ಅಂಗಡಿ ಗಾಡಿ ಅಂತ ಕೇಳಿ ನಕ್ಕುಬಿಟ್ರು. ನೀವು ಸುಮ್ನಿರಿ, ಕೋಟು ಕೇಳೋಕೂ ಹೋಗಬೇಡಿ, ಅದು ಸೇರೋ ಕಡೆಗೇ ಸೇರುತ್ತೆ ಅಂದ್ರು."

"ಯಾರು ಮೇಷ್ಟ್ರೇ ಅವರು?"

"ಅದೊಂದು ಕೇಳಬೇಡ. ಮಾತು ಕೊಟ್ಟಿದೀನಿ."

"ಅಣ್ಣನಾ, ತಂಗಿಯಾ?"

"ಗಿಡಕ್ಕೆ ನೀರು ಸಾಕಾಯ್ತಾ ನೋಡು."

"ನನಗಿಂತ ಆ ಮಾತು ದೊಡ್ಡದಾ?"

"ಕೊಟ್ಟ ಮಾತು ಮುರಿಯೋ ಮೇಷ್ಟ್ರ ಹತ್ರ ಕೆಲಸ ಕಲಿತೆ ಅಂತ ನಾಳೆ ಹೇಳ್ಕೊಳ್ತೀಯಾ ನೀನು?"

ಅವಳು ಸಿಟ್ಟಿನಿಂದ ಮುಚ್ಚಳವನ್ನು ಕಿತ್ತುಕೊಂಡಳು. "ಸರಿ. ಹಾಗಾದ್ರೆ ಒಳಗೂ ಹೊರಗೂ ಪಾಲಿಶ್ ಹೊಡೆದುಬಿಡ್ತೀನಿ. ನಿಮ್ಮ ಮೀನೂ ಇರಲ್ಲ, ನಿಮ್ಮ ಮೇಲೆ ಮಾತೂ ಬರಲ್ಲ. ನನ್ನ ಹೆಸರು ಹೋದ್ರೆ ಹೋಗ್ಲಿ."

"ಹೊಡಿ. ಹೊಡೆದ ಮೇಲೆ ಈ ಮೆಟ್ಟಿಲು ಹತ್ತಬೇಡ."

ಅವರ ದನಿ ಅಷ್ಟು ಗಟ್ಟಿಯಾದದ್ದನ್ನು ಅವಳು ಕೇಳಿರಲಿಲ್ಲ.

"ಆ ಗುರುತು ನನ್ನ ಜಂಬಕ್ಕೆ ಹಾಕಿದ್ದಲ್ಲ ಮರಿ. ಇನ್ನು ಮೂವತ್ತು ವರ್ಷ ಆದ ಮೇಲೆ ಯಾವನೋ ಇದನ್ನ ಬಿಚ್ತಾನೆ. ಕೊನೇ ಕೆಲಸ ಮಾಡಿದೋನ ಕೈ ನಡುಗ್ತಿತ್ತು ಅಂತ ಅವನಿಗೆ ಗೊತ್ತಾಗ್ಲಿ. ಹುಷಾರಾಗಿ ಬಿಚ್ತಾನೆ. ಜನ ನನ್ನ ಕಳ್ಳ ಅಂದ್ರೆ ನಾಲ್ಕು ದಿನ ಅಂತಾರೆ. ನೀನು ಒರೆಸಿದ್ರೆ ಇದು ಮೂವತ್ತು ವರ್ಷ ಸುಳ್ಳು ಹೇಳುತ್ತೆ."

ಭೂತಗನ್ನಡಿಯ ಎಡಗಣ್ಣು ತೇವವಾಯಿತು. ಬಲಗಣ್ಣಿಗೆ ಮಸೂರ ಏರಿಸಿಕೊಂಡು ಅವಳು ಕೆಲಸದ ಮಾತಿಗೆ ಇಳಿದಳು. "ಏನು ಮಾಡಿದಿರಿ ಇದಕ್ಕೆ?"

ಮೇಷ್ಟ್ರ ಮುಖ ಅರಳಿತು. "ಕೀ ಕೊಡೋ ಗುಂಡಿ ಹಿಂದಿರೋ ಕೊಕ್ಕೆ ಸವೆದುಹೋಗಿತ್ತು. ಅದು ಈಗ ಎಲ್ಲೂ ಸಿಗಲ್ಲ. ಉಕ್ಕಿನ ಚೂರು ಅರೆದು ನಾನೇ ಕೂರಿಸಿದೆ. ಆದ್ರೆ ಒಂಚೂರು ಮೊಂಡು ಅದು. ಸುಮ್ನೆ ತಿರುಗಿಸಿದ್ರೆ ಕೀ ಏರಲ್ಲ, ಮುಳ್ಳುಗಳು ಓಡ್ತವೆ. ಗುಂಡೀನ ಉಗುರಲ್ಲಿ ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಬೇಕು. ನೋಡು, ಹೀಗೆ."

"ಇದು ಯಾರ್‍ಯಾರಿಗೆ ಗೊತ್ತು?"

"ನನಗೆ. ಈಗ ನಿನಗೆ. ಮತ್ತೆ ತಂದೋರಿಗೆ. ಆ ಕುರ್ಚೀಲೇ ಕೂತು ಮೂರು ಸಲ ಮಾಡಿ ಕಲಿತ್ರು."

ಅವಳು ತಟಕ್ಕನೆ ಎದ್ದಳು. ಮುಖದ ತುಂಬ ನಗು. "ನೀವು ಮಾತು ಮುರೀಲಿಲ್ಲ ಮೇಷ್ಟ್ರೇ. ನಾನೂ ಏನೂ ಕೇಳಿಸ್ಕೊಳ್ಳಲಿಲ್ಲ."

ಮೇಷ್ಟ್ರು ಒಂದು ಗಳಿಗೆ ಪೆಚ್ಚಾಗಿ ನೋಡಿದರು. ಆಮೇಲೆ ಹೊಳೆಯಿತು. "ಏ ಭೂತ! ನಿಲ್ಲೇ!" ಅಷ್ಟರಲ್ಲಿ ಅವಳು ಎರಡನೆಯ ಮಹಡಿ ದಾಟಿದ್ದಳು.

ಐದಕ್ಕೆ ಹತ್ತು ನಿಮಿಷ. ಸ್ಟುಡಿಯೋದ ಗೋಡೆಯ ಮೇಲೆ ಬಣ್ಣದ ಪರದೆಯ ಸಮುದ್ರ ಅಲ್ಲಾಡದೆ ನಿಂತಿತ್ತು. ಅದರ ಮುಂದೆ, ಜನ ಫೋಟೋಗೆ ಕೂರುವ ಕುರ್ಚಿಯಲ್ಲಿ, ಸ್ಟುಡಿಯೋ ಅಮ್ಮ ಕೂತಿದ್ದರು. ಸಣ್ಣ ದೇಹ, ದಪ್ಪ ಕನ್ನಡಕ. ಗಡಿಯಾರ ಕಳೆದಾಗ ಅತ್ತು ಕರೆದು, ಪತ್ತೆ ಮಾಡಲೇಬೇಕು ಎಂದು ಭೂತಗನ್ನಡಿಯ ಕೈಹಿಡಿದಿದ್ದವರು ಅವರೇ. ಮಕ್ಕಳಿಬ್ಬರೂ ಎಡಬಲದಲ್ಲಿ ನಿಂತಿದ್ದರು. ಅಪ್ಪ ತೀರಿಕೊಂಡ ಮೇಲೆ, ಎರಡು ವರ್ಷದಿಂದ, ಒಬ್ಬರನ್ನೊಬ್ಬರು ತಪ್ಪಿಸಿ ಬೇರೆಬೇರೆ ದಿನ ನೋಡಿಕೊಂಡು ಬರುತ್ತಿದ್ದವರು, ಈಗ ಗಡಿಯಾರದ ನೆಪದಲ್ಲಿ ದಿನವೂ ಒಟ್ಟಿಗೇ ಬಂದು ಕಿತ್ತಾಡುತ್ತಿದ್ದರು.

"ಕೊಳೆ ತೆಗೆದಿದೀನಿ," ಎಂದಳು ಭೂತಗನ್ನಡಿ, ಹಸಿರು ಬಟ್ಟೆ ಬಿಚ್ಚುತ್ತಾ. "ಗೀರು ಬಿಟ್ಟಿದೀನಿ. ಪಾಲಿಶ್ ಇಲ್ಲ. ಇದು ನನ್ನ ತೀರ್ಮಾನ."

"ನೋಡಿದ್ಯಾ!" ಎಂದಳು ತಂಗಿ.

"ಇದೇನಿದು, ಹಳೇ ಮುಖವೇ!" ಅಣ್ಣ ಗೊಣಗಿದ.

ಅವಳು ಅವನ ಕೈಗೆ ಮಸೂರ ಕೊಟ್ಟು ಕೆಳಗಿನ ಅಂಚು ತೋರಿಸಿದಳು. "ಅಣ್ಣಾ, ನಿಮ್ಮ ಅಂಗಡಿಗೆ ಬಂದಿದ್ರೆ ಇದನ್ನ ಕಲೆ ಅಂತಿದ್ರಾ, ಸವೆತ ಅಂತಿದ್ರಾ?"

"ಅಷ್ಟೂ ಗೊತ್ತಾಗದೆ ಇಪ್ಪತ್ತು ವರ್ಷದಿಂದ ಬಟ್ಟೆ..." ಅವನು ಮಾತು ನಿಲ್ಲಿಸಿದ. ನುಣುಪಾದ ಆ ಜಾಗವನ್ನು ನೋಡಿದ. ಮೂಲೆಯಲ್ಲಿದ್ದ ಮೂರು ಕಾಲಿನ ಸ್ಟ್ಯಾಂಡನ್ನು ನೋಡಿದ. ಅವನ ಎಡಗೈ ತಾನಾಗಿ ಎದ್ದು, ಇಲ್ಲದ ಕ್ಯಾಮೆರಾದ ಕೆಳಗೆ ಮಣಿಕಟ್ಟು ಊರಿ ನಿಂತಿತು. "ಸವೆತ," ಎಂದ ಮೆಲ್ಲಗೆ. "ಅಪ್ಪ ಹೀಗೇ ನಿಲ್ತಿದ್ರು. ಇದನ್ನ ಮುಟ್ಟಬೇಡ, ಬಿಡು."

ತಂಗಿ ಫೋಟೋ ಹಿಡಿದು ಮುಚ್ಚಳದ ಮೀನುಗಳನ್ನು ಎಣಿಸಿದಳು. ಒಂದು, ಎರಡು, ಮೂರು. ಅವಳ ಮುಖ ಕೆಂಪಾಯಿತು. "ಅಪ್ಪಂದೇ. ತಪ್ಪಾಯ್ತು ಕಣೇ. ಸೋಮವಾರ ಲೈಬ್ರರಿ ಗೋಡೆ ಗಡಿಯಾರ ನಿನ್ನ ಅಂಗಡಿಗೇ ತರ್ತೀನಿ, ಬಜಾರಿನ ಮಧ್ಯದಲ್ಲೇ ಹೊತ್ಕೊಂಡು ಬರ್ತೀನಿ." ಆಮೇಲೆ ಹುಬ್ಬು ಗಂಟಿಕ್ಕಿತು. "ಈ ನಾಲ್ಕನೇದು?"

"ನಮ್ಮ ಮೇಷ್ಟ್ರದ್ದು. ಕಾಣೆಯಾಗಿದ್ದಾಗ ರಿಪೇರಿ ಮಾಡಿದ್ದು ಅವರು. ಕದ್ದೋರು ಅವರಲ್ಲ, ನನಗೆ ಹೇಳಿಯೇ ತಂದಿದ್ದು ಅಂತ ನಂಬಿಸಿ ಯಾರೋ ಅವರ ಕೈಗೆ ಕೊಟ್ಟಿದಾರೆ. ಯಾರು ಅಂತ ಅವರು ಹೇಳಲ್ಲ."

ಅಣ್ಣ ತಂಗಿಯನ್ನು ನೋಡಿದ. ತಂಗಿ ಅಣ್ಣನನ್ನು ನೋಡಿದಳು.

"ನೀನೇ!"

"ನೀನೇ! ಕೋಟು ಸಿಕ್ಕಿದ್ದು ಯಾರ ಅಂಗಡೀಲಿ?"

"ಸಾಕು ಮಾಡ್ರೋ," ಎಂದರು ಸ್ಟುಡಿಯೋ ಅಮ್ಮ. "ಮೊದಲು ಓಡುತ್ತಾ ನೋಡಿ."

"ರಿಪೇರಿ ಆದ ಮೇಲೆ ಮೊದಲ ಕೀ ಮನೆಯವರೇ ಕೊಡಬೇಕು," ಎಂದಳು ಭೂತಗನ್ನಡಿ. ಗುಂಡಿ ಒತ್ತುವ ವಿಷಯ ಬಾಯಿ ಬಿಡಲಿಲ್ಲ. ಎರಡೂ ಕಣ್ಣು ತೆರೆದುಕೊಂಡು ನಿಂತಳು.

ಅಣ್ಣ ಮೊದಲು ತೆಗೆದುಕೊಂಡ. ತಿರುಗಿಸಿದ. ಮುಳ್ಳುಗಳು ಗಿರ್ರನೆ ಸುತ್ತಿದವು, ಗಡಿಯಾರ ಮಾತಾಡಲಿಲ್ಲ. ಅವನ ಮುಖದಲ್ಲಿ ನಾಟಕವಿರಲಿಲ್ಲ, ಬೆವರಿತ್ತು.

"ಕೊಡಿಲ್ಲಿ, ಸೂಕ್ಷ್ಮ ಕೆಲಸ ನಿನಗೆಲ್ಲಿ ಬರಬೇಕು," ಎಂದು ತಂಗಿ ಕಿತ್ತುಕೊಂಡಳು. ಅವಳು ತಿರುಗಿಸಿದಳು. ಮುಳ್ಳುಗಳು ಇನ್ನೂ ಮೂರು ಸುತ್ತು ಓಡಿದವು. "ಇದೇನೇ, ಇದು ಕೆಟ್ಟೇ ಇದೆಯಲ್ಲ!"

ಭೂತಗನ್ನಡಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಇವನೂ ಅಲ್ಲ, ಇವಳೂ ಅಲ್ಲವೇ?

"ನಿಮ್ಮಿಬ್ಬರ ಕೈಗೆ ಏನು ಕೊಟ್ರೂ ಅಷ್ಟೇ. ತಗೊಂಡು ಬಾ ಇಲ್ಲಿ," ಎಂದರು ಅಮ್ಮ.

ಅವರು ಗಡಿಯಾರವನ್ನು ಮಡಿಲಿನಲ್ಲಿಟ್ಟುಕೊಂಡರು. ಮೊದಲು ಮುಳ್ಳುಗಳನ್ನು ಐದಕ್ಕೆ ಸರಿಯಾಗಿ ನಿಲ್ಲಿಸಿದರು. ಆಮೇಲೆ, ಯಾರೂ ಹೇಳಿಕೊಡದೆ, ಗುಂಡಿಯನ್ನು ಉಗುರಿನಿಂದ ಒಳಕ್ಕೆ ಒತ್ತಿ ಹಿಡಿದು, ತಿರುಗಿಸಿದರು. ಕರ್‍ರ್, ಕರ್‍ರ್ ಎಂದು ಕೀ ಏರಿತು.

ಟಿಕ್. ಟಿಕ್. ಟಿಕ್.

ಮಕ್ಕಳಿಬ್ಬರೂ ಜಗಳ ಮರೆತು, ತಲೆಗೆ ತಲೆ ತಾಗಿಸಿ, ಗಡಿಯಾರಕ್ಕೆ ಕಿವಿಗೊಟ್ಟು ಬಗ್ಗಿದರು. ಅವರ ಬಾಗಿದ ತಲೆಗಳ ಮೇಲಿಂದ ಸ್ಟುಡಿಯೋ ಅಮ್ಮ ನೇರವಾಗಿ ಭೂತಗನ್ನಡಿಯ ಕಣ್ಣಿಗೇ ಕಣ್ಣಿಟ್ಟು ನೋಡಿದರು. ಆ ನೋಟದಲ್ಲಿ ಭಯವಿರಲಿಲ್ಲ. ಒಂದಕ್ಕೊಂದು ತಾಗಿದ್ದ ಆ ಎರಡು ತಲೆಗಳನ್ನು ಕಣ್ಣಲ್ಲೇ ತೋರಿಸಿ, ಮಣಿಕಟ್ಟು ಮುಂದೆ ಚಾಚಿದರು.

"ಮಾತು ಉಳಿಸ್ಕೊಂಡೆ ಮಗಳೇ. ಬಾ, ಪಟ್ಟಿ ಬಿಗಿ."

ಅವಳು ಬಗ್ಗಿ ಪಟ್ಟಿ ಬಿಗಿದಳು. ಚಿನ್ನದ ಗಡಿಯಾರ, ತನ್ನ ಎಲ್ಲ ಗೀರುಗಳ ಸಮೇತ, ಅದನ್ನು ಕದ್ದವರ ಕೈಮೇಲೆ ಓಡತೊಡಗಿತು.